ಓವನ್ ತೇವಾಂಶ: ಎಷ್ಟನೇ ದಶಾಂಶದವರೆಗೆ ನಂಬಬಹುದು?

ಚಿಕ್ಕಮಗಳೂರಿನ ಕಾಫಿ ಲ್ಯಾಬ್‌ಗಳಿಗೆ ಹೊಸದಾಗಿ ಬರುವವರು ಬೀಜದ ತೇವಾಂಶವನ್ನು 11.3202% ಎಂದು ಬರೆದುಬಿಡುತ್ತಾರೆ. ಬ್ಯಾಲೆನ್ಸ್ (ಲ್ಯಾಬ್ ತಕ್ಕಡಿ) ನಾಲ್ಕು ದಶಾಂಶ ತೋರಿಸುತ್ತದಲ್ಲ, ಉತ್ತರವೂ ಅಷ್ಟೇ ನಿಖರ ಅಂದುಕೊಳ್ಳುತ್ತಾರೆ. ಆ ಕೊನೆಯ ಎರಡು ಅಂಕಿಗೆ ಆಧಾರವೇ ಇಲ್ಲ.

ಒಂದು ಉದಾಹರಣೆ ನೋಡಿ. ಬೀಜವನ್ನು ಓವನ್‌ನಲ್ಲಿ ಒಣಗಿಸಿ, ಕಳೆದುಹೋದ ತೂಕವನ್ನು ತೇವಾಂಶ ಎಂದು ಲೆಕ್ಕ ಹಾಕುವ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 6673ರ ವಿಧಾನ: ಸುಮಾರು 10 ಗ್ರಾಂ ಇಡೀ ಬೀಜ, 105 ಡಿಗ್ರಿ ಸೆಲ್ಸಿಯಸ್, 16 ಗಂಟೆ. ಖಾಲಿ ಡಿಶ್ 32.4172 ಗ್ರಾಂ, ಬೀಜ ಹಾಕಿದ ಮೇಲೆ 42.4391, ಒಣಗಿದ ಮೇಲೆ 41.3046. ಕಳೆದುಹೋದದ್ದು 1.1345, ಮಾದರಿ 10.0219. ಪಠ್ಯಪುಸ್ತಕದ ಸಾರ್ಥಕ ಅಂಕಿಗಳ ನಿಯಮ ಹಿಡಿದರೆ ಐದು ಅಂಕಿ, ಅಂದರೆ 11.320%. ಆದರೆ ಆ ನಿಯಮಕ್ಕೆ ಗೊತ್ತಿರುವುದು ತೂಕ ಮಾತ್ರ. ಓವನ್ನೂ ಗೊತ್ತಿಲ್ಲ, ಬೀಜವೂ ಗೊತ್ತಿಲ್ಲ.

ಅದೇ ಮಾದರಿಯನ್ನು ಐದು ಡಿಶ್‌ನಲ್ಲಿ ಇಟ್ಟಾಗ 11.32, 11.21, 11.40, 11.27, 11.35 ಬಂತು ಎನ್ನಿ. ಸರಾಸರಿ 11.31, ಸ್ಟ್ಯಾಂಡರ್ಡ್ ಡಿವಿಯೇಷನ್ (ಫಲಿತಾಂಶಗಳು ಎಷ್ಟು ಚದುರಿವೆ ಎಂಬ ಅಳತೆ) 0.073. ದಿನನಿತ್ಯ ಎರಡು ಡಿಶ್‌ಗಳ ಸರಾಸರಿ ಕೊಡುವ ಲ್ಯಾಬ್ ಆದರೆ ಇದನ್ನು √2ರಿಂದ ಭಾಗಿಸಿ: 0.052. ಓವನ್ ±1 ಡಿಗ್ರಿ ಆಡುತ್ತದೆ. 104 ಮತ್ತು 106ರಲ್ಲಿ ಇಟ್ಟು ನೋಡಿದಾಗ ಡಿಗ್ರಿಗೆ 0.05 ವ್ಯತ್ಯಾಸ ಕಂಡರೆ, ಆ ±1ರೊಳಗೆ ಎಲ್ಲಿ ಬೇಕಾದರೂ ಸಮಾನವಾಗಿ ಇರಬಹುದು ಎಂದು ಹಿಡಿದು √3ರಿಂದ ಭಾಗಿಸಿ: 0.029. ಬ್ಯಾಲೆನ್ಸ್ ಸರ್ಟಿಫಿಕೇಟ್‌ನಲ್ಲಿ 0.0004 ಗ್ರಾಂ, k=2 (ಅಂದರೆ ಮೂಲ ಅನಿಶ್ಚಿತತೆಯನ್ನು 2ರಿಂದ ಗುಣಿಸಿ ಕೊಟ್ಟದ್ದು) ಅಂತಿದ್ದರೆ ತೇವಾಂಶದ ಲೆಕ್ಕದಲ್ಲಿ ಅದು ಬರೀ 0.003. ಮೂರನ್ನೂ ವರ್ಗ ಮಾಡಿ ಕೂಡಿಸಿ, ವರ್ಗಮೂಲ ತೆಗೆದರೆ 0.059. ದುಬಾರಿ ಬ್ಯಾಲೆನ್ಸ್‌ನ ಪಾಲು ಲೆಕ್ಕಕ್ಕೇ ಬರಲಿಲ್ಲ, ಗಮನಿಸಿ.

ಇಲ್ಲಿ ಕಣ್ಣುಮುಚ್ಚಿ 2ರಿಂದ ಗುಣಿಸಬೇಡಿ. ಡಿವಿಯೇಷನ್ ಬಂದಿರುವುದು ಐದೇ ಡಿಶ್‌ನಿಂದ. ಕೂಡಿಸಿದ ಅನಿಶ್ಚಿತತೆಯನ್ನು ಎಷ್ಟು ನಂಬಬಹುದು ಎಂದು ಹೇಳುವ ವೆಲ್ಚ್–ಸ್ಯಾಟರ್‌ತ್ವೇಟ್ ಸೂತ್ರದಲ್ಲಿ ಸ್ವಾತಂತ್ರ್ಯದ ಡಿಗ್ರಿ (ಡಿವಿಯೇಷನ್ ಹಿಂದಿರುವ ಸ್ವತಂತ್ರ ಮಾಹಿತಿಯ ಎಣಿಕೆ) ಸುಮಾರು 7 ಬರುತ್ತದೆ. 95% ಭರವಸೆಗೆ k 2.36. ಹಾಗಾಗಿ ±0.14. ಎರಡು ಡಿಶ್‌ಗಳ ಸರಾಸರಿ 11.3150 ಬಂದರೆ ವರದಿಯಲ್ಲಿ 11.32 ± 0.14%, ಪಕ್ಕದಲ್ಲೇ k ಮತ್ತು 95%. ಅನಿಶ್ಚಿತತೆಗೆ ಹೆಚ್ಚೆಂದರೆ ಎರಡು ಅಂಕಿ, ಫಲಿತಾಂಶವೂ ಅದೇ ದಶಾಂಶದಲ್ಲಿ ನಿಲ್ಲಬೇಕು. ನಡುವೆ ಎಲ್ಲೂ ರೌಂಡ್ ಮಾಡಬಾರದು. ಎಕ್ಸೆಲ್ 11.30 ಅನ್ನು 11.3 ಮಾಡಿ ಸೊನ್ನೆ ನುಂಗುತ್ತದೆ, ಸೆಲ್ ಫಾರ್ಮ್ಯಾಟ್ ಸರಿಮಾಡಿ.

ಮಳೆಗಾಲದಲ್ಲಿ ನಿಜವಾದ ಅಪಾಯ ಬೇರೆ. ಒಣಗಿದ ಬೀಜ ಗಾಳಿಯ ತೇವ ಎಳೆದುಕೊಳ್ಳುತ್ತದೆ. ತೂಗುವಷ್ಟರಲ್ಲಿ 0.01 ಗ್ರಾಂ ಏರಿದರೂ ಫಲಿತಾಂಶ 0.1 ಇಳಿಯುತ್ತದೆ, ಹೆಚ್ಚುಕಡಿಮೆ ನಮ್ಮ ಇಡೀ ಅನಿಶ್ಚಿತತೆಯಷ್ಟು. ಅವಸರಕ್ಕೆ ಬಿಸಿ ಡಿಶ್ ಇಟ್ಟರೆ ಉಲ್ಟಾ: ಬಿಸಿಗಾಳಿ ಮೇಲೇಳುತ್ತದೆ, ತೂಕ ಕಡಿಮೆ ತೋರುತ್ತದೆ, ತೇವಾಂಶ ಹೆಚ್ಚು ಬರುತ್ತದೆ. ಓವನ್‌ನಲ್ಲೇ ಮುಚ್ಚಳ ಹಾಕಿ, ಡೆಸಿಕೇಟರ್‌ನಲ್ಲಿ (ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಪಾತ್ರೆ) ಪೂರ್ತಿ ಆರಿಸಿ, ಇಕ್ಕಳದಲ್ಲಿ ಹಿಡಿದು ಒಂದೊಂದೇ ತೆಗೆದು ತೂಗಿ. ಸಿಲಿಕಾ ಜೆಲ್ ಬಣ್ಣ ತಿರುಗಿದ್ದರೆ ಮೊದಲು ಅದನ್ನು ಬದಲಿಸಿ. ಇವು ತಪ್ಪುಗಳು, ತಿದ್ದಬೇಕಾದವು. ಇವನ್ನು ± ಒಳಗೆ ಅಡಗಿಸುವಂತಿಲ್ಲ.

ಇನ್ನೊಂದು ಮಾತು, ನಮ್ಮ ಎತ್ತರದ ಬಗ್ಗೆ. ಮಂಗಳೂರಿನಲ್ಲಿ ಕ್ಯಾಲಿಬ್ರೇಟ್ ಮಾಡಿದ ಬ್ಯಾಲೆನ್ಸನ್ನು ಸುಮಾರು ಸಾವಿರ ಮೀಟರ್ ಮೇಲೆ ತಂದು ಹಾಗೇ ಬಳಸಿದರೆ, ಗುರುತ್ವ ಕಡಿಮೆಯಾಗಿ 42 ಗ್ರಾಂಗೆ ಸುಮಾರು 10 ಮಿಲಿಗ್ರಾಂ ಕಡಿಮೆ ತೋರುತ್ತದೆ. ತೇವಾಂಶ ಅನುಪಾತವಾದ್ದರಿಂದ ಮೇಲೂ ಕೆಳಗೂ ಅದೇ ಪ್ರಮಾಣದ ದೋಷ ಕೂತು ವಜಾ ಆಗುತ್ತದೆ. ಸ್ಟ್ಯಾಂಡರ್ಡ್ ದ್ರಾವಣಕ್ಕೆ (ಸಾಂದ್ರತೆ ನಿಖರವಾಗಿ ಗೊತ್ತಿರಬೇಕಾದ ದ್ರಾವಣ) ತೂಗುವಾಗ ಹಾಗೆ ವಜಾ ಆಗುವುದಿಲ್ಲ, ಆದ್ದರಿಂದ ಇಟ್ಟ ಜಾಗದಲ್ಲೇ ಕ್ಯಾಲಿಬ್ರೇಟ್ ಮಾಡಿಸಿ.

ಈ ±0.14 ಲ್ಯಾಬ್‌ಗೆ ಬಂದ ಪೊಟ್ಟಣಕ್ಕೆ ಮಾತ್ರ. ಗೋದಾಮಿನ ಇಡೀ ಲಾಟ್‌ಗೆ ಹೇಳಬೇಕಾದರೆ ಬೇರೆ ಬೇರೆ ಚೀಲಗಳಿಂದ ಪ್ರತ್ಯೇಕ ಮಾದರಿ ತೆಗೆದು, ಚೀಲದಿಂದ ಚೀಲಕ್ಕಿರುವ ವ್ಯತ್ಯಾಸವನ್ನೂ ಕೂಡಿಸಬೇಕು.