ಟೆಂಟ್ ಸಿನಿಮಾ ಮತ್ತು ನಮ್ಮ ಸೈನ್ಸ್ ಮೇಷ್ಟ್ರು

ಎಪ್ಪತ್ತರ ದಶಕದಲ್ಲಿ ನಾವು ನಮ್ಮೂರ ಸ್ಕೂಲಿನಲ್ಲಿ ಓದುವಾಗ ಊರಲ್ಲಿ ಪರ್ಮನೆಂಟ್ ಥಿಯೇಟರ್ ಇರಲಿಲ್ಲ. ಸುಗ್ಗಿ ಮುಗಿದ ಮೇಲೆ ಸಂತೆ ಮೈದಾನದಲ್ಲಿ ಟೂರಿಂಗ್ ಟಾಕೀಸ್ ಟೆಂಟು ಏಳುತ್ತಿತ್ತು. ಮಳೆಗಾಲ ಬಂತೆಂದರೆ ಗಂಟುಮೂಟೆ ಕಟ್ಟುತ್ತಿತ್ತು. ಮೈಕು ಕಟ್ಟಿದ ಗಾಡಿ ಸ್ಕೂಲಿನ ಮುಂದೆ ಹಾದುಹೋದರೆ ಆ ಪೀರಿಯಡ್ ಮುಗಿದಂತೆಯೇ. ಹ್ಯಾಂಡ್‌ಬಿಲ್ ಹಿಡಿಯಲು ಎಲ್ಲರೂ ಕಿಟಕಿಯಲ್ಲಿ.

1972ರ 'ಬಂಗಾರದ ಮನುಷ್ಯ' ಬೆಂಗಳೂರಿನ ಸ್ಟೇಟ್ಸ್ ಥಿಯೇಟರಿನಲ್ಲಿ ಎರಡು ವರ್ಷ ಓಡಿತಲ್ಲ, ಅದು ನಮ್ಮ ಟೆಂಟಿಗೆ ಬರುವಷ್ಟರಲ್ಲಿ ಅರ್ಧ ಊರಿಗೆ ಕಥೆ ಬಾಯಿಪಾಠ. ಆದರೂ ನೆಲದಲ್ಲಿ ಕಾಲಿಡಲು ಜಾಗವಿಲ್ಲ. ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ಮುಂದಿನವನ ತಲೆ ಅಡ್ಡ ಬಂದರೆ ಮರಳು ಗುಡ್ಡೆ ಮಾಡಿಕೊಂಡು ಕೂರುವುದು. ಹಿಂದಿನವನು ಬೈದು, ತಾನೂ ಗುಡ್ಡೆ ಮಾಡಿಕೊಳ್ಳುತ್ತಿದ್ದ. ಆಟ ಶುರುವಾಗುವ ಮುನ್ನ ಹಾಕುತ್ತಿದ್ದ ಘಂಟಸಾಲರ 'ನಮೋ ವೆಂಕಟೇಶ' ಹಾಡು ಕೇಳಿಸಿತೋ, ಊಟದ ತಟ್ಟೆ ಬಿಟ್ಟು ಓಟ.

ಇದ್ದದ್ದು ಒಂದೇ ಪ್ರೊಜೆಕ್ಟರ್. ರೀಲು ಬದಲಿಸುವಾಗಲೆಲ್ಲ ದೀಪ ಹತ್ತುತ್ತಿತ್ತು, ಕಡ್ಲೆಕಾಯಿಯವನಿಗೆ ಸುಗ್ಗಿ. ಪ್ರೊಜೆಕ್ಟರಿನಲ್ಲಿ ಬಲ್ಬಿರಲಿಲ್ಲ. ಎರಡು ಕಾರ್ಬನ್ ಕಡ್ಡಿಗಳ ತುದಿಯ ನಡುವೆ ಕರೆಂಟು ಹಾರಿ ಕಣ್ಣು ಕುಕ್ಕುವ ಬೆಳಕು. ಕಡ್ಡಿ ಉರಿದು ಸವೆದಂತೆಲ್ಲ ಆಪರೇಟರ್ ಅವನ್ನು ಹತ್ತಿರಕ್ಕೆ ತರುತ್ತಿರಬೇಕು. ಬೀಡಿ ಹಚ್ಚಿಕೊಂಡು ಮೈಮರೆತರೆ ಪರದೆ ಮಂಕು. ಆಮೇಲೆ ಶಿಳ್ಳೆ, ಬೈಗುಳ, ಆಪರೇಟರನ ಮನೆಯವರಿಗೆಲ್ಲ ಮಂಗಳಾರತಿ!

ತಾಮ್ರ ಬಳಿದ ಕಾರ್ಬನ್ ಮೋಟು, ತುಂಡಾದ ಫಿಲಂ ಚೂರು ಬೆಳಿಗ್ಗೆ ಟೆಂಟಿನ ಹಿಂದೆ ಸಿಗುತ್ತಿದ್ದವು. ಒಂದು ದಿನ ನನ್ನ ಕಂಪಾಸ್ ಬಾಕ್ಸಿನಲ್ಲಿದ್ದ ಚೂರು ಸೈನ್ಸ್ ಮೇಷ್ಟ್ರ ಕಣ್ಣಿಗೆ ಬಿತ್ತು. ಬೆತ್ತ ಬರುತ್ತೆ ಅಂದುಕೊಂಡೆ. ಅವರು ಕಿಟಕಿ ಮುಚ್ಚಿಸಿದರು. ಸುಟ್ಟ ಬಲ್ಬೊಂದರ ಒಳಗಿನದನ್ನು ತೆಗೆದು ನೀರು ತುಂಬಿದರು. ಅಂಗಳದಲ್ಲಿ ಒಬ್ಬನ ಕೈಗೆ ಕನ್ನಡಿ ಕೊಟ್ಟು ಬಿಸಿಲನ್ನು ಒಳಗೆ ಹಾಯಿಸಿದರು. ಬಿಸಿಲಿಗೂ ಬಲ್ಬಿಗೂ ನಡುವೆ ಫಿಲಂ ಹಿಡಿದರು, ಅದೂ ತಲೆಕೆಳಗಾಗಿ. ಸುಣ್ಣದ ಗೋಡೆ ಮೇಲೆ ರಾಜ್‌ಕುಮಾರ್ ನೆಟ್ಟಗೆ ನಿಂತಿದ್ದರು!

"ಫಿಲಮ್ಮು ಯಾಕೆ ಉಲ್ಟಾ ಹಿಡಿದೆ, ಹೇಳ್ರೋ" ಅಂದರು. ನೀರು ತುಂಬಿದ ಬಲ್ಬೇ ಪೀನಮಸೂರ, ಅದು ಚಿತ್ರವನ್ನು ಗೋಡೆ ಮೇಲೆ ತಲೆಕೆಳಗು ಮಾಡುತ್ತೆ ಅನ್ನುವ ಪಾಠ ಅವತ್ತು ತಲೆಗೆ ಹತ್ತಿದ್ದು ಇವತ್ತಿಗೂ ಇಳಿದಿಲ್ಲ. ಇಂಥ 24 ಚಿತ್ರ ಒಂದೇ ಸೆಕೆಂಡಿಗೆ ಓಡುತ್ತವೆ ಅಂದಾಗ ಮಾತ್ರ ಯಾರೂ ನಂಬಲಿಲ್ಲ.

ಮರುದಿನ ಅರ್ಧ ಕ್ಲಾಸು ಬಲ್ಬು ತಂದಿತ್ತು. ಅದರಲ್ಲೊಂದು ಸುಟ್ಟಿರಲೇ ಇಲ್ಲ, ಹೆಡ್‌ಮಾಸ್ಟರ್ ರೂಮಿನದು. ಕಿತ್ತವರ ಹೆಸರು ಹೇಳಲ್ಲ, ಮುಂದೆ ಅವರೂ ಮೇಷ್ಟ್ರೇ ಆದರು.