ಎದೆ ನೋಡಿದೆವು, ಬೆನ್ನು ಬಿಟ್ಟೆವು

ತುಮಕೂರಿನ ಒಂದು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ನಾನು ಸ್ಟಾಫ್ ನರ್ಸ್. ಊರ ಪಕ್ಕದಲ್ಲೇ ಹೈವೇ 48. ರಾತ್ರಿ ಡ್ಯೂಟಿ ಅಂದ್ರೆ ಆಕ್ಸಿಡೆಂಟ್ ಕೇಸ್ ಇದ್ದೇ ಇರುತ್ತದೆ. ಹುಣಸೆ ಕಾಲದಲ್ಲಿ ಮರದಿಂದ ಬಿದ್ದವರೂ ಸೇರುತ್ತಾರೆ.

ಆ ರಾತ್ರಿ ಶಿರಾ ಕಡೆಯಿಂದ ಒಬ್ಬರು ಟೆಂಪೋ ಡ್ರೈವರನ್ನು 108ರಲ್ಲಿ ತಂದರು. ಸ್ಟೀರಿಂಗ್ ಎದೆಗೆ ಗುದ್ದಿತ್ತು. ಎದೆಯ ನಡುಮೂಳೆ, ಎಡಗಡೆಯ ನಾಲ್ಕು ಪಕ್ಕೆಲುಬು, ತೊಡೆಮೂಳೆ ಎಲ್ಲ ಮುರಿದಿತ್ತು. ಶ್ವಾಸಕೋಶದ ಸುತ್ತ ಗಾಳಿ ತುಂಬಿ ಉಸಿರೇ ಆಡುತ್ತಿರಲಿಲ್ಲ. ಡಾಕ್ಟರು ಐಸಿಡಿ, ಅಂದ್ರೆ ಆ ಗಾಳಿ ಹೊರತೆಗೆಯುವ ಕೊಳವೆ, ಹಾಕಿದ ಮೇಲೆ ಸ್ಯಾಚುರೇಶನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ಶೇಕಡಾ 84ರಿಂದ 95ಕ್ಕೆ ಏರಿತು. ನಮಗೂ ಹೋದ ಜೀವ ಬಂದಂತಾಯಿತು.

"ಬೆನ್ನು ನೋಯ್ತಿದೆಯಾ ಅಣ್ಣ?" ಅಂತ ಕೇಳಿದೆ. "ಇಲ್ಲ ಸಿಸ್ಟರ್, ಕಾಲು, ಕಾಲು" ಅಂದರು. ಬೆನ್ನು ನೋವಿಲ್ಲ ಅಂತ ಬರೆದುಬಿಟ್ಟೆ. ತೊಡೆ ಮುರಿದವರಿಗೆ ಬೆನ್ನಿನ ನೋವು ಎಲ್ಲಿ ಗೊತ್ತಾಗಬೇಕು? ಕೈಯಿಟ್ಟು ನೋಡಬೇಕಿತ್ತು. ಅದಕ್ಕೆ ಲಾಗ್ ರೋಲ್ ಮಾಡಬೇಕು, ಅಂದ್ರೆ ಬೆನ್ನು ತಿರುಚದ ಹಾಗೆ ಮೈಯನ್ನು ಮರದ ದಿಮ್ಮಿಯಂತೆ ಒಟ್ಟಿಗೆ ಹೊರಳಿಸಬೇಕು, ನಾಲ್ಕು ಜನ ಬೇಕು. ನಾವಿದ್ದದ್ದು ಮೂರೇ ಜನ. ಅಷ್ಟರಲ್ಲಿ ಇನ್ನೊಂದು ಕೇಸ್ ಬಂತು.

ಬೆಳಗ್ಗೆ ಬಂದ ಸಿಸ್ಟರ್ ನಾಲ್ಕು ಜನರನ್ನು ಸೇರಿಸಿ ಹೊರಳಿಸಿದರು. ಬೆನ್ನುಮೂಳೆಯ ಗೆರೆಯುದ್ದಕ್ಕೂ ಬೆರಳು ಒತ್ತುತ್ತಾ ಬಂದರು. ಹೆಗಲ ಮೂಳೆಗಳ ನಡುವೆ ಬಂದಾಗ ಡ್ರೈವರ್ ಚೀರಿದರು. ಸಿಟಿ ಸ್ಕ್ಯಾನ್‌ನಲ್ಲಿ ನೋಡಿದರೆ ಡಿ5, ಡಿ6, ಅಂದ್ರೆ ಎದೆಯ ಹಿಂದಿನ ಬೆನ್ನುಮೂಳೆಯ ಐದು, ಆರನೇ ಮಣಿ, ಎರಡೂ ಮುರಿದಿದ್ದವು. ಪುಣ್ಯಕ್ಕೆ ಎರಡು ಪಾದದ ಬೆರಳೂ ಆಡುತ್ತಿದ್ದವು. ರಾತ್ರಿಯೆಲ್ಲ ಕುತ್ತಿಗೆಗೆ ಕಾಲರ್ ಇತ್ತು ನೋಡಿ, ಅದು ಹಿಡಿಯುವುದು ಕುತ್ತಿಗೆಯನ್ನು ಮಾತ್ರ, ಆದರೂ ಅದನ್ನು ಕಂಡು ನಾವು ಸುಮ್ನೆ ಧೈರ್ಯವಾಗಿದ್ದೆವು.

ಆಮೇಲೆ ಮೂಳೆ ಡಾಕ್ಟರು ಬಿಡಿಸಿ ಹೇಳಿದರು. ಬೆನ್ನುಮೂಳೆಯ ಮೇಲ್ಭಾಗ, ಪಕ್ಕೆಲುಬು, ಎದೆಮೂಳೆ ಮೂರೂ ಸೇರಿ ಒಂದು ಬುಟ್ಟಿ ಇದ್ದ ಹಾಗೆ. ಆ ಬಿಗಿ ಇರುವುದರಿಂದಲೇ ಅಲ್ಲಿನ ಮೂಳೆ ಸುಲಭಕ್ಕೆ ಮುರಿಯುವುದಿಲ್ಲ. ಮುಂದೆ ಎದೆಮೂಳೆಯೇ ಮುರಿದಿದೆ ಅಂದರೆ ಪೆಟ್ಟು ಅಷ್ಟು ಜೋರು, ಹಿಂದೆಯೂ ಹುಡುಕಬೇಕು. ಎರಡೂ ಮುರಿದಿದ್ದರೆ ಬುಟ್ಟಿಯೇ ಸಡಿಲ, ಮೂಳೆ ಜರುಗುವ ಭಯ ಜಾಸ್ತಿ. ಅಲ್ಲಿ ನರದ ದಾರಿಯೂ ಕಿರಿದು. ಮಲಗಿಸಿ ತೆಗೆದ ಎದೆ ಎಕ್ಸ್‌ರೇಯಲ್ಲಿ ಇದು ಕಾಣದೇ ಹೋಗಬಹುದು. ಒಂದು ಕಡೆ ಮುರಿತ ಸಿಕ್ಕರೆ ಬೆನ್ನುಮೂಳೆ ಪೂರ್ತಿ ನೋಡಬೇಕು, ದೂರದಲ್ಲಿ ಇನ್ನೊಂದು ಇರಬಹುದು. ಮರದಿಂದ ಕಾಲೂರಿ ಬಿದ್ದು ಹಿಮ್ಮಡಿ ಮುರಿದವರಿಗೆ ಸೊಂಟದ ಕಡೆ ನೋಡುವುದೂ ಇದೇ ಲೆಕ್ಕ.

ಈಗ ಹೊರಳಿಸಲು ಆಗದಿದ್ದರೆ "ಬೆನ್ನು ನೋಡಿಲ್ಲ" ಅಂತ ಕೆಂಪು ಇಂಕಿನಲ್ಲಿ ಬರೆದು ಹ್ಯಾಂಡೋವರ್ ಕೊಡುತ್ತೇನೆ. ಜನ ಸಾಲದಿದ್ದರೆ ಗೇಟಿನ ಸೆಕ್ಯೂರಿಟಿಯನ್ನೇ ಕರೆಯುತ್ತೇನೆ. ಮೊದಲು "ಇದು ನನ್ನ ಕೆಲಸ ಅಲ್ಲ ಸಿಸ್ಟರ್" ಅಂತ ಗೊಣಗುತ್ತಿದ್ದ. ಈಗ ಅವನೇ ಗ್ಲೌಸ್ ಹಾಕಿಕೊಂಡು "ತಲೆ ಕಡೆ ನಿಲ್ಲಲಾ?" ಅಂತಾನೆ. ತಲೆ ಬೇಡಪ್ಪ, ಸೊಂಟ ಹಿಡಿ. ತಲೆ ಹಿಡಿದವರೇ ಒಂದು, ಎರಡು, ಮೂರು ಹೇಳಬೇಕು.