ಕಾಕಾ ಅವರ ಎರಡನೇ ಸೂಜಿ

ನಿನ್ನೆ ಗದಗಿನಲ್ಲಿ ಕಾಕಾ ಅವರಿಗೆ ನ್ಯುಮೋನಿಯಾ ತಡೆಯುವ ಲಸಿಕೆ ಹಾಕಿಸಿ ಕರೆತಂದೆ. ನಲವತ್ತು ವರ್ಷ ಬೀಡಿ ಸೇದಿದ ಅವರ ತೋರುಬೆರಳಿನ ತುದಿ ಅರಿಸಿನ ಹಚ್ಚಿದಂತೆ ಹಳದಿಯಾಗಿದೆ. ಅಂಗಿಯ ತೋಳು ಮೇಲೇರಿಸಿ ಕುಳಿತವರು, "ಒಮ್ಮೆ ಹಾಕಿಸ್ಕೊಂಡೇನಲ್ಲೊ, ಮತ್ತ್ಯಾಕ?" ಎಂದು ಕೇಳಿದರು.

ಆ ಪ್ರಶ್ನೆ ಸಣ್ಣದಲ್ಲ. ಹೊಗೆಯು ಶ್ವಾಸನಾಳದ ಒಳಗೋಡೆಯ ಸೂಕ್ಷ್ಮ ರೋಮಗಳನ್ನು ಹಾಳುಮಾಡುವುದರಿಂದ ನ್ಯುಮೋನಿಯಾ ತರುವ ನ್ಯುಮೊಕಾಕಸ್ ಬ್ಯಾಕ್ಟೀರಿಯಾ ಸುಲಭವಾಗಿ ಒಳಗೆ ನೆಲೆಯೂರುತ್ತದೆ. ವಯಸ್ಸಾದಂತೆ ರೋಗನಿರೋಧಕ ಶಕ್ತಿಯೂ ಕುಂದುತ್ತದೆ. ಈ ಬ್ಯಾಕ್ಟೀರಿಯಾದ 23 ಬಗೆಗಳ ವಿರುದ್ಧದ ಹಳೆಯ ಲಸಿಕೆಯಲ್ಲಿ ಅದರ ಹೊರಕವಚದ ಸಕ್ಕರೆಯಂಶ ಮಾತ್ರ ಇರುವುದರಿಂದ ದೇಹದಲ್ಲಿ ಅದರ ನೆನಪು ಗಟ್ಟಿಯಾಗಿ ಉಳಿಯುವುದಿಲ್ಲ, ಆದರೆ ಅದೇ ಸಕ್ಕರೆಯನ್ನು ಪ್ರೋಟೀನಿಗೆ ಜೋಡಿಸಿದ ಕಾಂಜುಗೇಟ್ ಲಸಿಕೆ ಆ ನೆನಪನ್ನು ಮೂಡಿಸುತ್ತದೆ. ಹಳೆಯದನ್ನೇ ಮತ್ತೆ ಕೊಟ್ಟಾಗ ಕೆಲವರಲ್ಲಿ ಪ್ರತಿಕಾಯಗಳು, ಅಂದರೆ ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನುಗಳು, ಮೊದಲಿನಷ್ಟು ಏರದಿರುವುದೂ ಕಂಡುಬಂದಿದೆ. ಆದ್ದರಿಂದ ಬೂಸ್ಟರ್ ಡೋಸ್‌ಗಳನ್ನು ಆರೋಗ್ಯವಂತ ಯುವಕರಲ್ಲಷ್ಟೇ ಪರೀಕ್ಷಿಸದೆ, ಕಾಕಾ ಅವರಂಥ ಹಿರಿಯ ಧೂಮಪಾನಿಗಳಲ್ಲಿಯೂ ಸೂಜಿಗೆ ಮುನ್ನ ಒಮ್ಮೆ, ತಿಂಗಳ ಬಳಿಕ ಒಮ್ಮೆ ರಕ್ತ ತೆಗೆದು ಪ್ರತಿಕಾಯಗಳನ್ನು ಅಳೆಯಲೇಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಲಸಿಕೆಯ ದಿನಾಂಕ ಬರೆದ ಚೀಟಿಯನ್ನು ಕಾಕಾ ನಾಲ್ಕು ಮಡಿಕೆ ಮಾಡಿ ರೇಷನ್ ಕಾರ್ಡಿನೊಳಗೆ ಇಟ್ಟಿದ್ದಾರೆ.